ಬಾನೆಟ್ಟಿನ ಮೇಲೆ ಎರಡು ಪೆಟ್ಟು

ಬೆಟಗೇರಿಯಲ್ಲಿ ಖಾಸಿಂಸಾಬನ ಕಿವಿಗೆ ಒಂದು ಹೆಸರಿತ್ತು. ಟೆಂಪೊ ಇರಲಿ, ಪಿಕಪ್ ಇರಲಿ, ಅವನ ಮನೆಯ ಮುಂದಿನ ಬೇವಿನ ಮರದ ಕೆಳಗೆ ತಂದು ಚಾಲೂ ಇಟ್ಟರೆ ಸಾಕು. ಉದ್ದನೆಯ ಸ್ಕ್ರೂಡ್ರೈವರಿನ ತುದಿಯನ್ನು ಗೇರಿನ ದಂಡಿಗೆಯ ಬುಡಕ್ಕೆ ಊರಿ, ಹಿಡಿಕೆಯನ್ನು ಬಲಗಿವಿಗೆ ಒತ್ತಿ, ಕಣ್ಣು ಮುಚ್ಚಿ ನಿಂತುಬಿಡುತ್ತಿದ್ದ. ಬೇರಿಂಗ್ ಸವೆದಿದೆ ಅಂದರೆ ಸವೆದಿರಲೇಬೇಕು. ಸಂಶಯ ಬಂದ ಗಾಡಿಯ ಕೆಳಗೆ ನುಸುಳಿ, ಗೇರ್‌ಬಾಕ್ಸಿನ ಮಗ್ಗುಲಿನ ಬೋಲ್ಟು ಬಿಚ್ಚಿ, ತೂತಿನೊಳಗೆ ಕಿರುಬೆರಳು ಬಿಡುವನು. ಆಯಿಲ್ ಬೆರಳ ತುದಿಗೆ ಹತ್ತಿದರೆ ಚಿಂತೆಯಿಲ್ಲ, ಹತ್ತದಿದ್ದರೆ ಎಲ್ಲೋ ಸೋರಿದೆ. ಬೆರಳನ್ನು ಹೆಬ್ಬೆರಳಿಗೆ ತಿಕ್ಕಿ, ಮೂಸಿ, ಸುಟ್ಟ ವಾಸನೆ ಇದೆಯೋ ಹಿತ್ತಾಳೆಯ ಹುಡಿ ಮಿಂಚುತ್ತದೆಯೋ ಎಂದು ಬಿಸಿಲಿಗೆ ಹಿಡಿದು ನೋಡುವನು. ಆಮೇಲೆ ಬೆರಳು ಒರೆಸಿಕೊಳ್ಳಲು ಹೆಂಡತಿ ಮೋತಿಬಿ ಒಂದು ಹಿಡಿ ಅರಳೆ ಕೊಡಬೇಕು. ಹಳೆಯ ಬಟ್ಟೆಗೆ ಒರೆಸಿಕೊಂಡವನೇ ಅಲ್ಲ. ಅವನಪ್ಪ ದಸ್ತಗೀರಸಾಬ ಗಾದಿಗೆ ಅರಳೆ ಹಿಂಜುತ್ತಿದ್ದವನು, ಬಿಲ್ಲಿನ ನರ ಮಿಡಿದ ಸಪ್ಪಳದ ಮೇಲೆಯೇ ಅರಳೆ ಹದವಾಯಿತೋ ಇಲ್ಲವೋ ಹೇಳುತ್ತಿದ್ದನಂತೆ. ಮಗ ಅರಳೆ ಬಿಟ್ಟು ಗಾಡಿ ಹಿಡಿದರೂ ಕಿವಿ ಅಪ್ಪನದೇ ಎಂದು ಓಣಿಯ ಹಿರಿಯರು ಹೇಳುತ್ತಿದ್ದರು.

ಇಷ್ಟು ಹೆಸರು ಮಾಡಿದ ಆ ಕಿವಿ ಎರಡು ವರ್ಷದಿಂದ ಕೇಳುತ್ತಿರಲಿಲ್ಲ. ಅದು ಗೊತ್ತಿದ್ದದ್ದು ಇಬ್ಬರಿಗೇ. ಒಬ್ಬ ಖಾಸಿಂಸಾಬ, ಇನ್ನೊಬ್ಬಳು ಮೋತಿಬಿ. ಆ ಇಬ್ಬರೂ ಒಬ್ಬರಿಗೊಬ್ಬರು ಆ ಮಾತನ್ನು ಒಂದು ದಿನವೂ ಆಡಿದವರಲ್ಲ.

ಮೋತಿಬಿಗೆ ಅದು ಗೊತ್ತಾದದ್ದು ಹರ್ತಿಯ ಕುಬೇರಪ್ಪನ ಗಾಡಿ ಬಂದ ದಿನ. ಓಣಿಯ ನಾಯಿಗಳು ಎದ್ದು ಹೋಗುವಷ್ಟು ಕರಕರ ಅನ್ನುತ್ತಿತ್ತು. ಖಾಸಿಂಸಾಬ ಸ್ಕ್ರೂಡ್ರೈವರ್ ಊರಿ ನಿಂತ, ಕಣ್ಣು ಮುಚ್ಚಿದ, ತೆರೆದ, ಬಾನೆಟ್ಟಿನ ಮೇಲೆ ಎರಡು ಪೆಟ್ಟು ಹೊಡೆದ. ಎರಡು ಪೆಟ್ಟು ಅಂದರೆ ಗಾಡಿ ಸಾಫ್, ನಡೆ ಎಂದರ್ಥ. ಚಹಾ ತಂದು ಬಾಗಿಲಲ್ಲಿ ನಿಂತಿದ್ದ ಮೋತಿಬಿ ಅದನ್ನು ನೋಡಿದಳು. ಮೂವತ್ತೈದು ವರ್ಷ ಜೊತೆಯಲ್ಲಿ ಬಾಳಿದವಳು, ಅವಳಿಗೆ ಬಿಡಿಸಿ ಹೇಳಬೇಕೇ? ಗಂಡನ ಮುಂದೆ ಬಂದು, ಸಿಟ್ಟು ಬಂದವಳ ಹಾಗೆ ಮುಖ ಮಾಡಿ, "ಏನ್ರಿ ಇದು, ಮುಂಜಮುಂಜಾನೆ ರವಾ ಹುರದಂಗ ಸಪ್ಪಳ, ಮೂರನೇ ಗೇರಿಗಂತೂ ಹೇಳಬ್ಯಾಡ" ಎಂದು ಗೊಣಗಿದಳು. ಅವನು ಅವಳ ತುಟಿಯನ್ನೇ ನೋಡಿದ. ಕುಬೇರಪ್ಪನ ಕಡೆ ತಿರುಗಿ, "ತಡಿ, ಇನ್ನೊಮ್ಮೆ ನೋಡೂನು" ಎಂದು ಗಾಡಿಯ ಕೆಳಗೆ ನುಸುಳಿದ.

ಅಂದಿನಿಂದ ಅದೇ ರೂಢಿಯಾಯಿತು. ಗಾಡಿ ಬಂದ ಸಪ್ಪಳ ಕೇಳಿದರೆ ಮೋತಿಬಿ ಒಲೆಯ ಮೇಲಿನದನ್ನು ಇಳಿಸಿ ಹೊರಗೆ ಬರುವಳು. ಬಾಗಿಲ ಬಲಗಡೆಯ ಚೌಕಟ್ಟು ಅವಳ ಜಾಗ. ಅಲ್ಲಿ ನಿಂತು ಬೈಯುವಳು. ಬೀಸುವ ಕಲ್ಲು ಬರಿದೇ ತಿರುಗಿದಂತೆ ಎಂದರೆ ಒಂದು ರೋಗ, ಸಾಸಿವೆ ಸಿಡಿದಂತೆ ಎಂದರೆ ಇನ್ನೊಂದು. ಏನೂ ಬೈಯದೆ ಚಹಾ ಕೊಟ್ಟರೆ ಗಾಡಿ ಸಾಫ್ ಇದೆ ಎಂದು ತಿಳಿಯಬೇಕು. ಓಣಿಯವರು, ಖಾಸಿಂಸಾಬನ ಹೆಂಡತಿಯ ಬಾಯಿ ವಯಸ್ಸಾದಂತೆ ಜೋರಾಯಿತು ಎಂದು ನಗುತ್ತಿದ್ದರು. ನಗಲಿ ಬಿಡಿ, ಮನೆಯ ಮರ್ಯಾದೆ ಉಳಿದರೆ ಸಾಕು ಎಂದು ಅವಳೂ ನಗುತ್ತಿದ್ದಳು.

ಮನೆಯಲ್ಲಿ ಮಗ ತೌಹೀದನಿಗೂ ಇದು ಗೊತ್ತಿರಲಿಲ್ಲ. ಅವನದು ಸ್ವಂತ ಪಿಕಪ್. ಅಸುಂಡಿ, ಹರ್ತಿಗಳಿಂದ ಉಳ್ಳಾಗಡ್ಡಿ, ಮೆಣಸಿನಕಾಯಿ ಹೇರಿಕೊಂಡು ಗದಗಿನ ಪ್ಯಾಟಿಗೋ ಮುಂಡರಗಿಗೋ ಹೊಡೆಯುವನು. ದಿನಾ ಬೆಳಿಗ್ಗೆ ಗಾಡಿ ಚಾಲೂ ಮಾಡಿ ಸೀಟಿನಲ್ಲಿ ಕೂತಿರುವನು, ಅಪ್ಪ ಕಿವಿಗೊಟ್ಟು ಕೇಳಿ ಎರಡು ಪೆಟ್ಟು ಹೊಡೆದ ಮೇಲೆಯೇ ಹೊರಡುವನು. ಆ ಪೆಟ್ಟು ಬೀಳದೆ ಗಾಡಿ ಓಣಿ ದಾಟಿದ್ದಿಲ್ಲ. "ಅಪ್ಪಗ ಕೇಳಿಸ್ಲಾರದ್ದು ಗಾಡಿಯೊಳಗ ಇರೂದಿಲ್ಲ" ಎಂದು ಗೆಳೆಯರ ಮುಂದೆ ಜಂಬ ಕೊಚ್ಚುವನು.

ತೌಹೀದನ ಹೆಂಡತಿ ಗುಲ್ನಾಜ ಮುಂಡರಗಿಯವಳು. ಕೆಲಸದಲ್ಲಿ ಚುರುಕು, ಮಾತಿನಲ್ಲಿ ಇನ್ನೂ ಚುರುಕು. ಮದುವೆಯಾಗಿ ಬಂದ ಮೊದಲ ವಾರವೇ ಮೋತಿಬಿ ಅವಳಿಗೆ ಮನೆಯ ರೀತಿ ಹೇಳಿಕೊಟ್ಟಿದ್ದಳು. ಮಾವನ ಎದುರು ನಿಂತು, ಮುಖ ತೋರಿಸಿ ಮಾತಾಡುವಂತಿಲ್ಲ. ಹೇಳುವುದಿದ್ದರೆ ಅಡಿಗೆಮನೆಯ ಪರದೆಯ ಹಿಂದೆ ನಿಂತು, ಸೆರಗನ್ನು ಬಾಯಿಗೆ ತಂದು, ಸಣ್ಣ ದನಿಯಲ್ಲಿ ಹೇಳಬೇಕು. ಮೋತಿಬಿ ತಾನೂ ತನ್ನ ಮಾವನಿಗೆ ಹಾಗೇ ನಡೆದುಕೊಂಡವಳು. ಹುಡುಗಿ ಮೊದಮೊದಲು ಮುಖ ಸಿಂಡರಿಸಿದರೂ ಕಲಿತಳು. ರೊಟ್ಟಿ ಆಗಿದೆ, ನೀರು ಕಾದಿದೆ ಎಂದು ಪರದೆಯ ಹಿಂದಿನಿಂದ ಹೇಳುವಳು. ಖಾಸಿಂಸಾಬ ಪರದೆಯ ಕಡೆ ತಿರುಗಿ, "ಹೂಂ ಯವ್ವಾ, ಆತು" ಎನ್ನುವನು. ಹೊತ್ತು ಹೊತ್ತಿಗೆ ಅದೇ ಮಾತು, ಅದಕ್ಕೆ ಅದೇ ಉತ್ತರ, ಅದರಲ್ಲಿ ಕಿವಿಯ ಕೆಲಸವೇನೂ ಇರಲಿಲ್ಲ.

ಹೀಗಿರುವಾಗ ಲಕ್ಷ್ಮೇಶ್ವರದಲ್ಲಿ ಮಗಳು ತಬಸ್ಸುಮ ಹಡೆದಳು. ಮೊದಲನೆಯದು ತವರಲ್ಲಿ ಆಗಿತ್ತು. ಎರಡನೆಯದಕ್ಕೆ ಅಳಿಯ ಕಳಿಸಲಿಲ್ಲ. ಅತ್ತೆ ಇಲ್ಲದ ಮನೆ, ದೊಡ್ಡ ಕೂಸನ್ನು ಹಿಡಿಯುವವರಿಲ್ಲ, ತಾಯಿಯೇ ಬಂದು ಬಾಣಂತನ ಮಾಡಬೇಕು ಎಂದಾಯಿತು. ಮೋತಿಬಿಗೆ ಹೋಗದೆ ಗತಿಯಿರಲಿಲ್ಲ. ಬಾಣಂತಿಗೆ ಕೊಡುವ ಅಂಟಿನುಂಡಿಗೆ ಉತ್ತತ್ತಿ, ಒಣಕೊಬ್ಬರಿ ಕಟ್ಟಿಕೊಂಡಳು, ಪಾಯಸಕ್ಕೆ ಅಳವಿಯ ಕಾಳು ಕಟ್ಟಿಕೊಂಡಳು. ಗಂಡನಿಗೆ ಮಾತ್ರ ಹೇಗೆ ಹೇಳುವುದೆಂದು ತಿಳಿಯಲಿಲ್ಲ. ಕೊನೆಗೆ, "ನಾ ಬರೂತನಾ ಬ್ಯಾರೇವ್ರ ಗಾಡಿ ಹಿಡೀಬ್ಯಾಡ್ರಿ, ಸೊಂಟ ನೋವು ಅಂತ ಹೇಳ್ರಿ" ಎಂದಳು. ಅವನು ತುಟಿ ನೋಡಿ, ತಿಳಿದು, ಆಗಲಿ ಎಂದು ತಲೆಯಾಡಿಸಿದ. ಬೇರೆಯವರ ಗಾಡಿ ಎಂದಳೇ ಹೊರತು ಮನೆಯ ಗಾಡಿಯ ನೆನಪು ಅವಳಿಗೆ ಬರಲಿಲ್ಲ. ದಿನಾ ಕಣ್ಣೆದುರು ಇರುವುದು ಲೆಕ್ಕಕ್ಕೆ ಬರುತ್ತದೆಯೇ?

ತೌಹೀದನೇ ಅವಳನ್ನು ಪಿಕಪ್ಪಿನಲ್ಲಿ ಕೂಡಿಸಿಕೊಂಡು ಹೊರಟ. ಮುಳಗುಂದ ದಾಟಿದ ಮೇಲೆ ಒಂದು ಏರಿನಲ್ಲಿ ಮೂರನೇ ಗೇರಿಗೆ ಬಿದ್ದಾಗ, ಕಾಲ ಕೆಳಗಿನಿಂದ ಸಣ್ಣಗೆ ಕುಂಯ್ ಎಂದು ಸಪ್ಪಳ ಬಂತು. ನಾಲ್ಕನೆಯದಕ್ಕೆ ಹೋದಾಗ ನಿಂತಿತು. ಮತ್ತೆ ಮೂರಕ್ಕೆ ಬಂದಾಗ ಮತ್ತೆ ಕುಂಯ್. ಎರಡು ವರ್ಷ ಬಾಗಿಲಲ್ಲಿ ನಿಂತು ಕಲಿತ ಕಿವಿ ಅದು, ಸುಳ್ಳು ಹೇಳುವುದಲ್ಲ.

"ತೌಹೀದಾ, ಗೇರಿನಾಗ ಸಪ್ಪಳ ಬರಾಕತ್ತೈತಲ್ಲ" ಎಂದಳು.

"ಹಳೇ ಗಾಡಿ ಅವ್ವಾ, ಅಳತೈತಿ" ಎಂದು ಮಗ ನಕ್ಕ. "ಮುಂಜಾನೆ ಅಪ್ಪ ಕೇಳ್ಯಾನ. ಎರಡ್ ಬಡದ ಮ್ಯಾಲ ಬಂದೀನಿ."

ಮುಂಜಾನೆ ಮೋತಿಬಿ ಒಳಗೆ ಉತ್ತತ್ತಿ ಕಟ್ಟುತ್ತಿದ್ದಳು. ಬಾಗಿಲಲ್ಲಿ ಇರಲಿಲ್ಲ. ನಿನ್ನ ಅಪ್ಪನಿಗೆ ಕೇಳಿಸುವುದಿಲ್ಲಪ್ಪಾ ಎಂಬ ಮಾತು ನಾಲಗೆಯ ತುದಿಗೆ ಬಂತು. ಮಗನ ಮುಖ ನೋಡಿದಳು. ಅಪ್ಪ ಎನ್ನುವಾಗ ಆ ಮುಖದಲ್ಲಿ ಎಂಥ ಭರವಸೆ. ಅದನ್ನು ಒಡೆಯುವುದು ಹೇಗೆ? ಮನೆಗೆ ಹೋದ ಮೇಲೆ ಆಯಿಲ್ ನೋಡಿಸು ಎಂದಷ್ಟೇ ಹೇಳಿದಳು. ಮಗ ಹೂಂ ಎಂದು ಲಕ್ಷ್ಮೇಶ್ವರದ ಪ್ಯಾಟಿಯಲ್ಲಿ ಅಕ್ಕನಿಗೆ ಬಾಳೆಹಣ್ಣು ಕೊಂಡ, ಮಾತು ಅಲ್ಲಿಗೇ ಮರೆತ.

ಬಾಣಂತಿಯ ಮನೆಯಲ್ಲಿ ಕೂರಲು ಪುರುಸೊತ್ತಿರಲಿಲ್ಲ. ಕೂಸಿಗೆ ಎಣ್ಣೆ, ನೀರು, ಸಾಂಬ್ರಾಣಿ ಹೊಗೆ, ತಾಯಿಗೆ ಬಿಸಿ ಅನ್ನ, ಅಳವಿ ಪಾಯಸ, ದೊಡ್ಡ ಕೂಸಿನ ಹಟ. ಅದರ ನಡುವೆಯೂ ಆ ಕುಂಯ್ ಅವಳ ತಲೆಯೊಳಗೆ ಕೂತಿತ್ತು. ಗಂಡನಿಗೆ ಫೋನ್ ಮಾಡುವಂತಿಲ್ಲ. ಅವನು ಫೋನ್ ಹಿಡಿಯುವುದನ್ನೇ ಬಿಟ್ಟಿದ್ದ, ಕೇಳಿದವರಿಗೆ ಅದರ ಬೆಳಕು ಕಣ್ಣಿಗೆ ಆಗಿಬರುವುದಿಲ್ಲ ಎನ್ನುತ್ತಿದ್ದ. ಮಗನಿಗೆ ಹೇಳಿದರೆ ನಗುತ್ತಾನೆ. ಉಳಿದವಳು ಸೊಸೆ. ವಾರ ಕಳೆದ ಮೇಲೆ ಗುಲ್ನಾಜಳಿಗೆ ಫೋನ್ ಮಾಡಿ, ಗೇರ್‌ಬಾಕ್ಸಿನ ಬೋಲ್ಟು ಬಿಚ್ಚಿ ಒಮ್ಮೆ ಆಯಿಲ್ ನೋಡಬೇಕಂತೆ ಎಂದು ಮಾವನಿಗೆ ಹೇಳು ಎಂದಳು. ಗುಲ್ನಾಜ, ತನಗೂ ಮೊನ್ನೆ ದವಾಖಾನೆಗೆ ಹೋಗುವಾಗ ಆ ಸಪ್ಪಳ ಕೇಳಿಸಿತೆಂದು ಹೇಳಿದಳು. ಸಂಜೆಗೆ ಅವಳೇ ತಿರುಗಿ ಫೋನ್ ಮಾಡಿದಳು.

"ಹೇಳಿದ್ನಿರೀ ಅತ್ತೀ. ಹೂಂ ಯವ್ವಾ, ಆತು ಅಂದ್ರು."

ಮೋತಿಬಿಗೆ ಎದೆಯ ಮೇಲಿನ ಕಲ್ಲು ಇಳಿಯಿತು. ಆತು ಅಂದರೆ ಮಾಡಿಯೇ ಮಾಡುವ ಮನುಷ್ಯ. ಬೆರಳಿಗೆ ಕಿವಿ ಬೇಡ, ಬೆರಳು ತೂತಿಗೆ ಹೋದರೆ ಎಲ್ಲ ಗೊತ್ತಾಗುತ್ತದೆ. ಸಮಾಧಾನ ಬೇಕಾಗಿತ್ತು, ಬಂತು. ಇಂಥ ಹೊತ್ತಿನಲ್ಲಿ ಯಾರು ಬಗೆದು ನೋಡುತ್ತಾರೆ ಹೇಳಿ. ಕೂಸಿಗೆ ತೊಟ್ಟಿಲು ಹಾಕುವ ದಿನ ಗೊತ್ತು ಮಾಡುವುದರಲ್ಲಿ ಅವಳೂ ಬಿದ್ದಳು.

ತೊಟ್ಟಿಲು ಹಾಕುವ ಮುಂಚೆಯೇ ಕುಬೇರಪ್ಪನ ಫೋನ್ ಬಂತು. ಮುಂಡರಗಿ ರಸ್ತೆಯಲ್ಲಿ, ಡಂಬಳ ದಾಟಿದ ಮೇಲೆ ಇಳಿಜಾರಿನಲ್ಲಿ, ತೌಹೀದನ ಗಾಡಿಯ ಗೇರ್‌ಬಾಕ್ಸ್ ಗಕ್ಕನೆ ಹಿಡಿದುಕೊಂಡಿತ್ತು. ಹಿಂದಿನ ಗಾಲಿಗಳೆರಡೂ ತಿರುಗದೆ ನಿಂತು, ಉಳ್ಳಾಗಡ್ಡಿ ಹೇರಿದ ಗಾಡಿ ಅಡ್ಡಡ್ಡ ಜಾರಿ ಹುಣಸೆ ಮರಕ್ಕೆ ಬಡಿದಿತ್ತು. ಹಿಂದೆ ಬರುತ್ತಿದ್ದ ಕುಬೇರಪ್ಪನೇ ನಾಲ್ಕು ಜನರನ್ನು ಕೂಡಿಸಿ ಹುಡುಗನನ್ನು ಹೊರಗೆ ಎಳೆದಿದ್ದ. ಜೀವ ಇದೆ, ಹುಬ್ಬಳ್ಳಿಗೆ ಒಯ್ದಿದ್ದೇವೆ, ಬೇಗ ಬಾ ತಾಯಿ ಎಂದ.

ಮೋತಿಬಿ ಹುಬ್ಬಳ್ಳಿಯ ದವಾಖಾನೆ ಮುಟ್ಟುವ ಹೊತ್ತಿಗೆ ತೌಹೀದನ ಎಡಗಾಲನ್ನು ಮೊಳಕಾಲಿನ ಮೇಲಿನಿಂದ ತೆಗೆದುಬಿಟ್ಟಿದ್ದರು. ಕ್ಲಚ್ ತುಳಿಯುವ ಕಾಲು. ಖಾಸಿಂಸಾಬ ಪಡಸಾಲೆಯ ಬೆಂಚಿನ ಮೇಲೆ ಗೋಡೆ ನೋಡುತ್ತ ಕೂತಿದ್ದ. ಅವನ ಮುಂದಿನಿಂದಲೇ ಗಾಲಿಕುರ್ಚಿ, ಔಷಧದ ಗಾಡಿ ಗಡಗಡ ಹೋಗುತ್ತಿದ್ದವು, ಅವನು ಕದಲಲಿಲ್ಲ. ಗುಲ್ನಾಜ ಅತ್ತೆಯನ್ನು ಕಂಡವಳೇ ಕೈಹಿಡಿದು ಮೂಲೆಗೆ ಎಳೆದುಕೊಂಡು ಹೋದಳು. ಅತ್ತು ಅತ್ತು ಅವಳ ದನಿ ಒಡೆದಿತ್ತು.

"ಎರಡು ಸಲ ಹೇಳೀನ್ರಿ ಅತ್ತೀ. ನೀವು ಫೋನ್ ಮಾಡಿದ ದಿನ ಒಮ್ಮೆ, ಮರುವಾರ ಸಪ್ಪಳ ಜೋರಾತು ಅಂತ ನಾನಾಗೇ ಒಮ್ಮೆ. ಎರಡೂ ಸಲ ಹೂಂ ಯವ್ವಾ, ಆತು ಅಂದ್ರು. ಕುಂತಲ್ಲಿಂದ ಏಳಲಿಲ್ಲ, ಬೋಲ್ಟ್ ಬಿಚ್ಚಲಿಲ್ಲ. ಮುಂಜಾನೆ ಮತ್ತ ಬಾನೆಟ್ ಬಡದು ಕಳಿಸಿದ್ರು. ಹೊಟ್ಟೀಲಿ ಹುಟ್ಟಿದ ಮಗಾ ಅಲ್ಲೇನ್ರಿ ಅಂವ?"

ಮೋತಿಬಿ ಅವಳ ಎರಡೂ ಕೈ ಹಿಡಿದುಕೊಂಡಳು.

"ಎಲ್ಲಿ ನಿಂತು ಹೇಳಿದಿ?" ಎಂದು ಮೆಲ್ಲಗೆ ಕೇಳಿದಳು.

"ಎಲ್ಲಿ ಅಂದ್ರ? ಪರದೆ ಹಿಂದ. ನೀವ ಕಲಿಸಿದಂಗ."

ಆಮೇಲೆ ಗುಲ್ನಾಜ ಇನ್ನೂ ಏನೇನೋ ಅಂದಳು. ಮೋತಿಬಿಗೆ ಯಾವುದೂ ಕಿವಿಗೆ ಬೀಳಲಿಲ್ಲ. ಗಂಡ ಅದನ್ನು ಕೇಳಿಯೇ ಇರಲಿಲ್ಲ. ಪರದೆ ಅಲುಗಾಡಿದ್ದು ನೋಡಿದ್ದ, ರೊಟ್ಟಿ ಆಗಿದೆ ಅಂದಳು ಎಂದುಕೊಂಡಿದ್ದ, ಹೂಂ ಯವ್ವಾ ಎಂದಿದ್ದ. ಪರದೆ ಕಟ್ಟಿಸಿದವಳು ತಾನು, ಬಾಯಿಗೆ ಸೆರಗು ತರಿಸಿದವಳು ತಾನು, ಎರಡು ವರ್ಷ ಅವನ ಕಿವಿಯನ್ನು ಮುಚ್ಚಿಟ್ಟವಳೂ ತಾನೇ. ಅಲ್ಲೇ ಹೇಳಿಬಿಡಬೇಕೆಂದು ಬಾಯಿ ತೆರೆದಳು. ಬೆಂಚಿನ ಮೇಲೆ ಕೂತ ಗಂಡನನ್ನು ನೋಡಿದಳು. ಮಗನ ಕಾಲು ಹೋದ ದಿನವೇ ಅವನ ಹೆಸರನ್ನೂ ತೆಗೆದು ಬೀದಿಗೆ ಹಾಕಲೇ? ಆಗಲಿಲ್ಲ ಅವಳಿಗೆ. ಸೊಸೆಯ ತಲೆ ಸವರಿ ಸುಮ್ಮನಾದಳು.

ಮನೆಗೆ ಬಂದ ಮೇಲೆ ಆ ಸುಮ್ಮನಿರುವಿಕೆ ಬೆಳೆಯಿತು. ಗಾಡಿಯನ್ನು ಎಳೆದು ತಂದು ಬೇವಿನ ಮರದ ಕೆಳಗೆ ನಿಲ್ಲಿಸಿ ತಾಡಪತ್ರಿ ಹೊದಿಸಿದ್ದರು. ಮುಂಭಾಗ ನುಜ್ಜುಗುಜ್ಜಾಗಿತ್ತು. ಖಾಸಿಂಸಾಬ ಅದರ ಹತ್ತಿರ ಹೋಗುತ್ತಿರಲಿಲ್ಲ. ಬಂದ ಗಿರಾಕಿಗಳನ್ನು ಕೈಸನ್ನೆ ಮಾಡಿ ವಾಪಸು ಕಳಿಸುತ್ತಿದ್ದ. ಮುಂಜಾನೆ ಎದ್ದು ಮಗನನ್ನು ಬೆನ್ನ ಮೇಲೆ ಹೊತ್ತು ಬಚ್ಚಲಿಗೆ ಒಯ್ಯುವುದು, ಮೈ ತೊಳೆಸುವುದು, ಮತ್ತೆ ಹೊತ್ತು ತಂದು ಮಂಚದ ಮೇಲೆ ಕೂಡಿಸುವುದು, ಅದೊಂದೇ ಅವನ ಕೆಲಸ. ಹೊರುವಾಗ ಅವನ ಸೊಂಟ ಬಿದ್ದುಹೋಗುವಂತಾಗುತ್ತಿತ್ತು. ನಾನು ಹಿಡಿಯುತ್ತೇನೆ ಎಂದು ಯಾರಾದರೂ ಬಂದರೆ ಬಿಡುತ್ತಿರಲಿಲ್ಲ.

ಗುಲ್ನಾಜ ಮಾವನಿಗೆ ಬಡಿಸುವುದನ್ನು ಬಿಟ್ಟಳು. ತಟ್ಟೆಗೆ ರೊಟ್ಟಿ, ಝುಣಕ ಹಾಕಿ ಪರದೆಯ ಕೆಳಗಿನಿಂದ ಹೊರಗೆ ತಳ್ಳುವಳು, ಅಷ್ಟೇ. ತಟ್ಟೆ ನೆಲಕ್ಕೆ ಉಜ್ಜಿದ ಸದ್ದಿಗೆ ಮಂಚದ ಮೇಲಿದ್ದ ತೌಹೀದ ಕಣ್ಣು ಮುಚ್ಚುತ್ತಿದ್ದ. ಖಾಸಿಂಸಾಬನಿಗೆ ಆ ಸದ್ದು ಇಲ್ಲ, ತಟ್ಟೆ ಕಂಡರೆ ಎಳೆದುಕೊಂಡು ಎರಡು ತುತ್ತು ತಿಂದು ಕೈ ತೊಳೆಯುವನು. ತೌಹೀದ ಗುಲ್ನಾಜರ ನಡುವೆ ದಿನಾ ಒಂದು ಜಗಳ. ಇಬ್ಬರೂ ಮುಂಡರಗಿಗೆ ನಮ್ಮ ಅಣ್ಣನ ಮನೆಗೆ ಹೋಗೋಣ, ಅಂಗಡಿಯಲ್ಲಿ ಕೂತು ಮಾಡುವ ಕೆಲಸ ಕೊಡಿಸುತ್ತಾನೆ ಎಂದು ಅವಳು. ಅಪ್ಪನನ್ನು ಬಿಟ್ಟು ಬರುವುದಿಲ್ಲ ಎಂದು ಅವನು.

"ಅಪ್ಪ ಕೇಳಿ ಬಿಟ್ಟಾನಂದ್ರ ಆವಾಗ ಏನೂ ಇರಲಿಲ್ಲ. ನನ್ನ ಹಣೇಬರಾ" ಎನ್ನುವನು ತೌಹೀದ.

"ನಾ ಹೇಳಿದ್ದು ಸುಳ್ಳೇನು ಹಂಗಾರ? ಎರಡು ಸಲ ಹೇಳಿದ್ನಿ."

"ಅಪ್ಪನ ಮ್ಯಾಲ ಮಾತ ಎತ್ತಬ್ಯಾಡ."

ಮೋತಿಬಿ ಒಲೆಯ ಮುಂದೆ ಕೂತು ಇಬ್ಬರದೂ ಕೇಳುವಳು. ಮಗ ಅಪ್ಪನನ್ನು ನಂಬಿ ಹೆಂಡತಿಯನ್ನು ಸುಳ್ಳಿ ಮಾಡುತ್ತಿದ್ದ. ಸೊಸೆ ಖರೆ ಹೇಳಿ ಕೆಟ್ಟವಳಾಗುತ್ತಿದ್ದಳು. ತನ್ನ ಒಂದು ಮಾತಿನಿಂದ ಇದೆಲ್ಲ ನಿಲ್ಲುತ್ತಿತ್ತು. ಹಿಟ್ಟು ನಾದುವಾಗ ಹೇಳಬೇಕೆಂದುಕೊಂಡಳು, ಬಟ್ಟೆ ಒಗೆಯುವಾಗ ಹೇಳಬೇಕೆಂದುಕೊಂಡಳು. ಗಂಡನಿಗೆ ಈಗ ಉಳಿದಿರುವುದು ಮಗನ ಆ ನಂಬಿಕೆ ಒಂದೇ. ಅದನ್ನು ಕಿತ್ತರೆ ಅವನು ಉಳಿಯುತ್ತಾನೆಯೇ ಎಂದು ಹೆದರಿ ಹೆದರಿ ದಿನ ನೂಕಿದಳು. ಸೊಸೆ ತನ್ನ ಪಾಲಿನ ರೊಟ್ಟಿ ತಿನ್ನದೆ ಏಳುವುದನ್ನು ನೋಡಿಯೂ ನೂಕಿದಳು. ಪಾಪದ ಕೆಲಸವೇ ಅದು, ಅವಳಿಗೂ ಗೊತ್ತಿತ್ತು.

ಒಂದು ಮುಂಜಾನೆ ಮುಂಡರಗಿಯಿಂದ ಗುಲ್ನಾಜಳ ಅಣ್ಣ ಶಾನವಾಜ ಬಂದ. ತಂಗಿ ಕರೆಸಿಕೊಂಡಿದ್ದಳು. ಒಳಗೆ ಬರದೆ ಓಣಿಯ ತಿರುವಿನಲ್ಲಿ ಮೋಟರ್‌ಸೈಕಲ್ ಮೇಲೆಯೇ ಕೂತಿದ್ದ. ಗುಲ್ನಾಜ ಚೀಲ ಕಟ್ಟಿಕೊಂಡು ಗಂಡನ ಮಂಚದ ಹತ್ತಿರ ಬಂದು, ಕೊನೆಯ ಸಲ ಕೇಳುತ್ತಿದ್ದೇನೆ, ಬರುತ್ತೀಯಾ ಇಲ್ಲವಾ ಎಂದಳು. ತೌಹೀದ ಗೋಡೆಯ ಕಡೆ ತಿರುಗಿದ. ಮೋತಿಬಿ ಚೀಲ ಹಿಡಿದುಕೊಂಡಳು, ಇನ್ನೆಂಟು ದಿನ ತಡಿ ಯವ್ವಾ ಎಂದು ಬೇಡಿಕೊಂಡಳು. ಗುಲ್ನಾಜ ಚೀಲ ಬಿಡಿಸಿಕೊಂಡಳು.

ಖಾಸಿಂಸಾಬ ಪಡಸಾಲೆಯಲ್ಲಿ ಚಹಾದ ಬಸಿ ಹಿಡಿದು ಕೂತಿದ್ದ. ಹೋಗುವವಳು ಮಾವನಿಗೆ ಹೇಳಿ ಹೋಗಬೇಕು, ಅದೂ ಮನೆಯ ರೀತಿ. ಗುಲ್ನಾಜ ಆ ರೀತಿ ಬಿಡಲಿಲ್ಲ. ಅಡಿಗೆಮನೆಯ ಪರದೆಯ ಹಿಂದೆ ಹೋಗಿ ನಿಂತಳು, ಸೆರಗನ್ನು ಬಾಯಿಗೆ ತಂದಳು. ಆದರೆ ದನಿ ಮಾತ್ರ ಸಣ್ಣದಾಗಿರಲಿಲ್ಲ. ತಿಂಗಳಿನ ಸಂಕಟವೆಲ್ಲ ಅದರಲ್ಲಿತ್ತು.

"ನನ್ನ ಗಂಡನ ಕಾಲು ತಿಂದವ್ರು ನೀವು. ನಿಮ್ಮ ಕೈಯಾರ ಬಡದು ಕಳಿಸಿದ್ರಿ. ನಿಮ್ಮ ಮಾರಿ ನಾ ಇನ್ನ ನೋಡಾಂಗಿಲ್ಲ."

ತೌಹೀದ ಮಂಚದ ಮೇಲೆ ಮೊಣಕೈ ಊರಿ ಎದ್ದ. ಖಾಸಿಂಸಾಬ ಪರದೆ ಅಲುಗಿದ್ದು ಕಂಡು ಬಸಿ ಕೆಳಗಿಟ್ಟು ಆ ಕಡೆ ತಿರುಗಿದ. ಪರದೆಯ ಅಂಚಿನ ಕೆಳಗೆ ಸೊಸೆಯ ಕಾಲು, ಕಾಲ ಹತ್ತಿರ ಚೀಲ ಕಂಡವು. ತವರಿಗೆ ಹೊರಟಿದ್ದಾಳೆ ಎಂದು ತಿಳಿಯಿತು. ಮುಖದ ತುಂಬ ಅಕ್ಕರೆ ತಂದುಕೊಂಡು ಹೇಳಿದ.

"ಹೂಂ ಯವ್ವಾ, ಆತು. ಜ್ವಾಕಿಲೆ ಹೋಗಿ ಬಾ."

ಬೈದವಳು ಬೈದಲ್ಲೇ ನಿಂತಳು. ತೌಹೀದ ಅಪ್ಪನನ್ನು ನೋಡಿದ, ಅವ್ವನನ್ನು ನೋಡಿದ. ಅಪ್ಪನ ಬೆನ್ನ ಹಿಂದಿನಿಂದ, "ಅಪ್ಪಾ" ಎಂದು ಕರೆದ. ಇನ್ನೊಮ್ಮೆ ಗಟ್ಟಿಯಾಗಿ ಕರೆದ. ಖಾಸಿಂಸಾಬ ಮತ್ತೆ ಬಸಿ ಎತ್ತಿಕೊಂಡು ಚಹಾ ಊದಿ ಕುಡಿಯುತ್ತಿದ್ದ.

"ಅವ್ವಾ, ಅಪ್ಪಗ ಕೇಳಸಾಂಗಿಲ್ಲೇನು?"

ಇನ್ನು ಸುಳ್ಳು ಹೇಳಲು ಮೋತಿಬಿಗೆ ತ್ರಾಣವಿರಲಿಲ್ಲ. ಗೋಡೆ ಹಿಡಿದು ಕೆಳಗೆ ಕೂತಳು.

"ಎರಡು ವರ್ಷ ಆತಪ್ಪಾ. ಬಾಗಿಲದಾಗ ನಿಂತು ನಾ ಕೇಳತಿದ್ನಿ, ಅವರು ನನ್ನ ಬಾಯಿ ನೋಡತಿದ್ರು. ನಾ ಇಲ್ಲದಾಗ ಇಕಿ ಹೇಳ್ಯಾಳ. ಪರದೆ ಹಿಂದ ನಿಂತು ಹೇಳ್ಯಾಳ. ಅವರಿಗೆ ಹೆಂಗ ಗೊತ್ತಾಗಬೇಕು? ನಾ ಅದನ್ನ ದವಾಖಾನ್ಯಾಗ ತಿಳಕೊಂಡ್ನಿ. ತಿಳಕೊಂಡೂ ಬಾಯಿ ಬಿಡಲಿಲ್ಲ."

ಹೆಂಡತಿ ನೆಲಕ್ಕೆ ಕೂತದ್ದು ಕಂಡು ಖಾಸಿಂಸಾಬ ತಿರುಗಿದ. ಸೊಸೆ ಪರದೆಯ ಹಿಂದೆ ನಿಂತು ಏನೋ ಹೇಳಿದ್ದಳೆಂಬುದನ್ನು ಹೆಂಡತಿಯ ತುಟಿಯ ಮೇಲೆ ಓದಿದ, ಮಗನ ಮುಖ ನೋಡಿದ. ಮುಖ ಓದುವುದರಲ್ಲಿ ಅವನು ಪಳಗಿದ್ದ. ತನ್ನ ಕಿವಿಯ ಗುಟ್ಟು ಬಯಲಾಗಿದೆ ಎಂದು ತಿಳಿಯಲು ಅವನಿಗೆ ಹೊತ್ತು ಹಿಡಿಯಲಿಲ್ಲ. ಎದ್ದು ಅಡಿಗೆಮನೆಯ ಬಾಗಿಲಿಗೆ ಹೋದ, ಪರದೆಯನ್ನು ಒಂದು ಬದಿಗೆ ಸರಿಸಿದ. ಈ ಮನೆಯಲ್ಲಿ ಮಾವ ಸೊಸೆಯ ಪರದೆ ಸರಿಸಿದ್ದು ಅದೇ ಮೊದಲು. ಗುಲ್ನಾಜ ಗೋಡೆಗೆ ಒತ್ತಿ ನಿಂತಿದ್ದಳು.

"ಸೆರಗು ತಗಿ ಯವ್ವಾ. ಮಾರಿಗೆ ಮಾರಿ ಕೊಟ್ಟು ಹೇಳು. ಅವತ್ತ ಏನ್ ಹೇಳಿದಿ?"

ಬೈದ ಮಾತನ್ನು ಆ ಮುಖ ನೋಡಿ ಇನ್ನೊಮ್ಮೆ ಬೈಯಲು ಗುಲ್ನಾಜಳಿಂದ ಆಗಲಿಲ್ಲ. ಸೆರಗು ಕೆಳಗೆ ಬಿಟ್ಟಳು. ಒಂದೊಂದೇ ಶಬ್ದ ಬಿಡಿಸಿ, ಕೂಸಿಗೆ ಹೇಳುವಂತೆ ಹೇಳಿದಳು.

"ಗೇರ್‌ಬಾಕ್ಸಿನಾಗ ಸಪ್ಪಳ ಬರಾಕತ್ತೈತ್ರಿ ಮಾವಾರ. ಬೋಲ್ಟ್ ಬಿಚ್ಚಿ ಒಮ್ಮೆ ಆಯಿಲ್ ನೋಡಬೇಕಂತ್ರಿ."

ಖಾ‍ಸಿಂಸಾಬ ಅವಳ ತುಟಿ ನಿಲ್ಲುವ ತನಕ ನೋಡಿದ. ಆಮೇಲೆ ಮೋತಿಬಿಯ ಕಡೆ ತಿರುಗಿದ. ಎರಡು ವರ್ಷದಲ್ಲಿ ಆಡದ ಮಾತನ್ನು ಅವಳಿಗೆ ಆಡಿದ.

"ನೀ ಇಲ್ಲದಾಗ ದಿನಾ ಬಾಗಿಲ ಕಡೆ ನೋಡತಿದ್ನಿ. ನೀ ಇರ್ತಿರಲಿಲ್ಲ. ಆದ್ರೂ ಬಾನೆಟ್ ಬಡೀತಿದ್ನಿ. ಬಡೀಲಿಲ್ಲಂದ್ರ ಹುಡುಗ ಯಾಕ ಅಂತ ಕೇಳತಿದ್ದ."

ತೌಹೀದ ಮಂಚದ ಮೇಲೆ ಮುಖ ಮುಚ್ಚಿಕೊಂಡು ಅತ್ತ. ಕಾಲು ಹೋದಾಗಲೂ ಅಷ್ಟು ಅತ್ತಿರಲಿಲ್ಲ. ಮೋತಿಬಿ ಅವನ ಹತ್ತಿರ ಹೋಗಿ ತಲೆ ಹಿಡಿದುಕೊಂಡಳು. ಖಾಸಿಂಸಾಬನಿಗೆ ಆ ಅಳು ಕೇಳಿಸಲಿಲ್ಲ, ಅವನು ಆಗಲೇ ಗೂಡಿನಿಂದ ಬೋಲ್ಟು ಬಿಚ್ಚುವ ಪಾನ ತೆಗೆದುಕೊಂಡು ಹೊಸ್ತಿಲು ದಾಟಿದ್ದ.

ಬೇವಿನ ಮರದ ಕೆಳಗೆ ಹೋಗಿ ತಾಡಪತ್ರಿ ಎಳೆದು ಹಾಕಿದ. ಒಡೆದ ಗಾಜು ನೆಲಕ್ಕೆ ಉದುರಿತು. ಸೊಂಟ ಹಿಡಿದುಕೊಂಡು ಮೆಲ್ಲಗೆ ಅಂಗಾತ ಮಲಗಿ, ಕಾಲಿನಿಂದ ನೆಲ ಒತ್ತುತ್ತ ಗಾಡಿಯ ಕೆಳಗೆ ಸರಿದ. ಗುಲ್ನಾಜ ಬಾಗಿಲಿಗೆ ಬಂದಳು, ಮೋತಿಬಿ ನಿಲ್ಲುತ್ತಿದ್ದ ಬಲಗಡೆಯ ಚೌಕಟ್ಟಿಗೆ ಒರಗಿ ನಿಂತಳು. ತಿರುವಿನಲ್ಲಿ ಅವಳ ಅಣ್ಣ ಹಾರ್ನ್ ಹೊಡೆದ. ನಾಳೆ ಬಾ ಎಂದು ಅವಳು ಕೈಮಾಡಿದಳು. ಅವನು ಗೊಣಗುತ್ತ ಹೋದ.

ಜಂಗು ಹಿಡಿದ ಬೋಲ್ಟು ಸುಲಭಕ್ಕೆ ಬಿಡಲಿಲ್ಲ. ಪಾನ ಎರಡು ಸಲ ಜಾರಿ ಅವನ ಗೆಣ್ಣು ಕಿತ್ತಿತು. ಕೊನೆಗೆ ಬೋಲ್ಟು ಸಡಿಲವಾಗಿ ಕೈಗೆ ಬಂತು. ಕಿರುಬೆರಳನ್ನು ತೂತಿನೊಳಗೆ ಬಿಟ್ಟ. ಬುಡದ ತನಕ ಬಿಟ್ಟು, ಒಳಗೆ ಸುತ್ತಲೂ ಆಡಿಸಿ, ಬಹಳ ಹೊತ್ತು ಹಾಗೇ ಇಟ್ಟುಕೊಂಡ.

ಹೊರಗೆ ಸರಿದು ಬಂದು ಮಣ್ಣಿನಲ್ಲೇ ಕೂತ. ಬೆರಳನ್ನು ಬಿಸಿಲಿಗೆ ಹಿಡಿದು ನೋಡಿದ. ಮೋತಿಬಿ ರೂಢಿಯಂತೆ ಒಳಗೆ ಹೋಗಿ ಒಂದು ಹಿಡಿ ಅರಳೆ ತಂದು ಅವನ ಮುಂದೆ ಹಿಡಿದಳು. ಅವನು ಅದನ್ನು ತೆಗೆದುಕೊಂಡ, ಬೆರಳಿಗೆ ಸುತ್ತಿದ, ಒರೆಸಿದ. ಆಮೇಲೆ ಅರಳೆಯನ್ನು ಬಿಚ್ಚಿ ಹೆಂಡತಿಗೆ ತೋರಿಸಿದ, ಬಾಗಿಲಲ್ಲಿದ್ದ ಸೊಸೆಗೆ ತೋರಿಸಿದ. ಆಯಿಲಿನ ಒಂದು ಕಲೆಯೂ ಇಲ್ಲದೆ ಅರಳೆ ತಂದಾಗ ಹೇಗಿತ್ತೋ ಹಾಗೇ ಬೆಳ್ಳಗಿತ್ತು.